ಬೂಷ್ಟಿನ ಕಷಾಯ

ಶುಂಠಿ ಕಷಾಯ, ಅರಿಶಿನದ ಹಾಲು ನನಗೂ ಪ್ರಿಯವೇ. ಆದರೆ ಮನೆಯಲ್ಲೇ ಪೆನಿಸಿಲಿನ್ ಮಾಡುತ್ತೇವೆನ್ನುವವರನ್ನು ಕಂಡರೆ ಭಯ. 1928ರಲ್ಲಿ ಫ್ಲೆಮಿಂಗ್ ಅದನ್ನು ಬೂಷ್ಟಿನಲ್ಲಿ ಕಂಡದ್ದು ನಿಜ. ಹಾಗೆಂದು ಬ್ರೆಡ್ಡಿನ ಬೂಷ್ಟೆಲ್ಲ ಅದೇ ಜಾತಿಯೇ? ಕಡಲೆಕಾಯಿಗೆ ಹಿಡಿಯುವ ಒಂದು ಬೂಷ್ಟು ಲಿವರಿಗೆ ವಿಷ. ಪೆನಿಸಿಲಿನ್ ಇದ್ದರೂ ಎಷ್ಟಿದೆಯೋ! 1941ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ಪಾಡುಪಟ್ಟು ತೆಗೆದದ್ದೇ ಒಬ್ಬ ಪೊಲೀಸನಿಗೆ ಸಾಲದೆ, ಚೇತರಿಸಿಕೊಳ್ಳುತ್ತಿದ್ದವನು ತೀರಿಕೊಂಡ. ಅರೆಬರೆ ಔಷಧಿಯಲ್ಲಿ ಬದುಕುಳಿದ ರೋಗಾಣು ಮುಂದೆ ಅದೇ ಔಷಧಿಗೆ ಬಗ್ಗದು. ಪೆನಿಸಿಲಿನ್ ಮೈಗೊಗ್ಗದವರಿಗಂತೂ ಉಸಿರೇ ಕಟ್ಟೀತು.

ನಮ್ಮ ಬ್ಯಾಡರಹಳ್ಳಿಯಿಂದ ದೂರವೇನಲ್ಲದ ಪೀಣ್ಯದಲ್ಲಿ, 1981ರಲ್ಲಿ ಸ್ಥಾಪನೆಯಾದ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆಯ ಕಾರ್ಖಾನೆಯೇ ಇದೆ. ಆದರೂ ನಮ್ಮ ಬೀದಿಯ ಹುಡುಗನೊಬ್ಬ, ನನ್ನದೇ ಶಾಲೆಯವನು, ಅಜ್ಜಿಯ ಕಾಲಿನ ಹುಣ್ಣಿಗೆಂದು ಬೂಷ್ಟು ಹಿಡಿದ ಬ್ರೆಡ್ಡು ನೆನೆಸಿಟ್ಟಿದ್ದ. “ಪಾಠದಲ್ಲಿದೆಯಲ್ಲ ಮಿಸ್?” ಅಂದ. ಲೋಟವನ್ನು ಬಚ್ಚಲಿಗೆ ಚೆಲ್ಲಿದೆ. ಅಜ್ಜಿಗೆ ಸಕ್ಕರೆ ಕಾಯಿಲೆ. “ಆಸ್ಪತ್ರೆಗೆ ಹೋದ್ರೆ ಕಾಲು ತೆಗೀತಾರೆ ಕಣಮ್ಮ, ಅದಕ್ಕೇ ನಾನೇ ಮಾಡು ಅಂದೆ” ಎಂದು ಕಣ್ಣೀರಿಟ್ಟರು. ಹುಡುಗನನ್ನು ಬೈಯಲು ಹೊರಟಿದ್ದ ನನ್ನ ಬಾಯಿ ಕಟ್ಟಿತು. ಆಟೋ ಕರೆಸಿದೆ. ಡಾಕ್ಟರು ಹುಣ್ಣು ತೊಳೆದು, ರಕ್ತಪರೀಕ್ಷೆಗೆ ಬರೆದು, “ಇನ್ನೂ ಕಾಲ ಮಿಂಚಿಲ್ಲ” ಅಂದರು. ಅಜ್ಜಿ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು: ಕಾಲು ತೆಗೆಯುವುದಿಲ್ಲ ತಾನೆ?