ಗುಂಡು ಹುಟ್ಟುವುದು ನೆಲದೊಳಗೆ

ಹಂಪಿಯ ಗುಂಡುಕಲ್ಲುಗಳು ಎಲ್ಲಿಂದಲೋ ಉರುಳಿ ಬಂದವಲ್ಲ, ತುಂಗಭದ್ರೆ ಹೊತ್ತು ತಂದು ಹಾಕಿದವೂ ಅಲ್ಲ. ಕಿಷ್ಕಿಂಧೆಯ ವಾನರರು ಎಸೆದಾಡಿದ ಕಲ್ಲುಗಳೆಂಬ ಕಥೆ ಚೆಂದವೇ. ಆದರೆ ನಿಜಸಂಗತಿ ಅದಕ್ಕಿಂತ ಬೆರಗಿನದು. ಅವುಗಳಲ್ಲಿ ಬಹುಪಾಲು ಇದ್ದಲ್ಲೇ ಗುಂಡಾದವು, ಅದೂ ನೆಲದಡಿಯಲ್ಲಿ.

ಅಲ್ಲಿನ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಹೆಪ್ಪುಗಟ್ಟಿದ್ದು. ಮೇಲಿದ್ದ ಬಂಡೆಯ ಹೊರೆ ಯುಗಯುಗಗಳಲ್ಲಿ ಸವೆದುಹೋದಂತೆ ಅದುಮಿಕೊಂಡಿದ್ದ ಕಲ್ಲು ಹಿಗ್ಗಿತು, ಅಡ್ಡಡ್ಡ ಸೀಳು ಬಿಟ್ಟಿತು. ತಣಿಯುವಾಗಲೂ ಭೂಮಿಯ ಒತ್ತಡದಲ್ಲೂ ಮೂಡಿದ ಉದ್ದನೆಯ ಸೀಳುಗಳು ಮೊದಲೇ ಇದ್ದವು. ಹೊರಗಿನಿಂದ ಅಖಂಡವಾಗಿ ಕಾಣುವ ಬಂಡೆ ಹೀಗೆ ಒಳಗೊಳಗೇ ಚೌಕ ಚೌಕವಾಗಿ ಬಿಡಿಸಿಕೊಂಡಿತ್ತು.

ಆಮೇಲಿನದು ನೀರಿನ ಕೆಲಸ. ಮಳೆನೀರು ಗಾಳಿಯಿಂದಲೂ ಬೇರುಗಳ ಸುತ್ತಲ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಆಮ್ಲವಾಗುತ್ತದೆ. ಅದು ಸೀಳುಗಳಲ್ಲಿ ಇಳಿದು ನಿಂತಾಗ ಕಲ್ಲಿನೊಳಗಿನ ಖನಿಜಗಳು ಒಂದೊಂದೂ ಒಂದೊಂದು ರೀತಿ ವರ್ತಿಸುತ್ತವೆ. ಫೆಲ್ಡ್‌ಸ್ಪಾರ್ ತನ್ನ ಪೊಟ್ಯಾಸಿಯಂ, ಸೋಡಿಯಂಗಳನ್ನು ನೀರಿಗೆ ಬಿಟ್ಟುಕೊಟ್ಟು ಜೇಡಿಯಾಗುತ್ತದೆ. ಕಪ್ಪು ಅಭ್ರಕ ಉಬ್ಬಿ, ಅದರೊಳಗಿನ ಕಬ್ಬಿಣ ತುಕ್ಕು ಹಿಡಿದು, ಅಕ್ಕಪಕ್ಕದ ಹರಳುಗಳನ್ನು ನೂಕುತ್ತದೆ. ಬೆಣಚು ಮಾತ್ರ ಜಗ್ಗುವುದಿಲ್ಲ. ಕೊನೆಗೆ ಮರಳಾಗಿ ಉಳಿಯುವುದು ಅದೇ.

ಚೌಕದ ತುಂಡಿನ ಮುಖವನ್ನು ನೀರು ಒಂದು ಕಡೆಯಿಂದ ಮುಟ್ಟಿದರೆ ಅಂಚನ್ನು ಎರಡು ಕಡೆಯಿಂದ, ಮೂಲೆಯನ್ನು ಮೂರು ಕಡೆಯಿಂದ ಮುಟ್ಟುತ್ತದೆ. ಬಾಯಲ್ಲಿಟ್ಟ ಬೆಲ್ಲದ ಅಚ್ಚಿನಂತೆ ಮೂಲೆಗಳು ಮೊದಲು ಕರಗುತ್ತವೆ. ನಡುವೆ ಗಟ್ಟಿ ತಿರುಳು, ಸುತ್ತ ಪುಡಿಯಾದ ಗರಸು. ಬಾವಿ ತೋಡುವಲ್ಲಿ, ರಸ್ತೆಗೆಂದು ದಿಣ್ಣೆ ಕಡಿದಲ್ಲಿ ಈ ಗರಸು ಎದ್ದು ಕಾಣುತ್ತದೆ. ನೋಡಲು ಕಲ್ಲೇ, ಸಲಿಕೆ ತಾಗಿಸಿದರೆ ಉದುರುತ್ತದೆ. ಅಂಗೈಯಲ್ಲಿ ಹಿಡಿದರೆ ಗಾಜಿನಂಥ ಬೆಣಚಿನ ಚೂರು, ಮಂಕಾದ ಫೆಲ್ಡ್‌ಸ್ಪಾರ್, ಹೊಳೆಯುವ ಅಭ್ರಕದ ಹಕ್ಕಳೆ ಬೇರೆಬೇರೆಯಾಗಿ ಗುರುತು ಸಿಗುತ್ತವೆ. ಮಳೆ ಈ ಗರಸನ್ನು ಕೊಚ್ಚಿ ಒಯ್ದಾಗ ಒಳಗಿದ್ದ ತಿರುಳುಗಳು ಒಂದರ ಮೇಲೊಂದು ಕುಳಿತಂತೆಯೇ ಬಯಲಿಗೆ ಬರುತ್ತವೆ. ಯಾರೋ ಪೇರಿಸಿಟ್ಟಂತೆ ಕಾಣುವುದು ಅದಕ್ಕೇ.

ಬಯಲಿಗೆ ಬಂದ ಮೇಲೂ ಕಲ್ಲಿಗೆ ಬಿಡುವಿಲ್ಲ. ಹಗಲ ಬಿಸಿಲು ಮತ್ತು ರಾತ್ರಿಯ ತಂಪಿಗೆ ಮೈಪದರ ಹಿಗ್ಗಿ ಕುಗ್ಗುತ್ತದೆ, ಒಳಸೇರಿದ ತೇವದ ನೆರವಿನಿಂದ ಹೆಕ್ಕಳಿಕೆಯಾಗಿ ಕಳಚುತ್ತದೆ. ಕಲ್ಲುಹೂವು ಆಮ್ಲ ಸೂಸುತ್ತದೆ. ಸಂದಿಯಲ್ಲಿ ಮೊಳೆತ ಅರಳಿಯ ಬೇರು ಬೆಣೆಯಂತೆ ಬಲಿಯುತ್ತದೆ. ಹಿಮಾಲಯದಲ್ಲಿ ಬಿರುಕಿನ ನೀರು ಹೆಪ್ಪುಗಟ್ಟಿ, ಸುಮಾರು ಶೇ 9ರಷ್ಟು ಹಿಗ್ಗಿ ಬಂಡೆ ಸೀಳುತ್ತದೆ. ಹಂಪಿಯಲ್ಲಿ ಆ ಮಾತಿಲ್ಲ. ಆದರೂ ಕಮಲಾಪುರದ ದಾರಿಯಲ್ಲಿ ಒಂದಕ್ಕೊಂದು ಒರಗಿ ನಿಂತ ಅಕ್ಕತಂಗಿ ಗುಂಡುಗಳ ಒಂದು ಭಾಗ ಕಳಚಿ ಬಿದ್ದದ್ದು ನಮ್ಮ ಕಾಲದಲ್ಲೇ.

ಕಲ್ಲು ಬಿಟ್ಟುಕೊಟ್ಟದ್ದು ವ್ಯರ್ಥವಾಗುವುದಿಲ್ಲ. ಗುಡ್ಡಗಳ ನಡುವಿನ ಗದ್ದೆ, ಬಾಳೆತೋಟಗಳ ಮಣ್ಣಿನಲ್ಲಿ ಇದೇ ಬಂಡೆಯ ಜೇಡಿ, ಮರಳು ಸೇರಿವೆ. ಬೆಳೆಗೆ ಬೇಕಾದ ಪೊಟ್ಯಾಶಿನಲ್ಲಿ ಒಂದಷ್ಟು ಫೆಲ್ಡ್‌ಸ್ಪಾರ್ ಕೊಟ್ಟದ್ದು. ಇಂಥ ಗುಂಡಿನ ಗುಡ್ಡಗಳನ್ನು ಜಲ್ಲಿಗೆಂದು ಸಿಡಿಸುವುದು ಸರಿಯಲ್ಲ. ಒಂದು ಗುಂಡು ರೂಪುಗೊಳ್ಳಲು ಲಕ್ಷಾಂತರ ವರ್ಷ ಬೇಕು. ಒಡೆದದ್ದನ್ನು ಮತ್ತೆ ಮಾಡಲು ಯಾರಿಂದಲೂ ಆಗದು. ಹಂಪಿಗೆ ಹೋದವರು ಗುಡಿಗಳ ಜೊತೆಗೆ, ರಸ್ತೆ ಬದಿಯ ಗರಸಿನಲ್ಲಿ ಇನ್ನೂ ಅರ್ಧ ಹೂತಿರುವ ಗುಂಡೊಂದನ್ನೂ ನಿಂತು ನೋಡಬೇಕು.