ಹಾಲುಹಲ್ಲಿನ ಕಾವಲು

ದಂತಪಂಕ್ತಿಯನ್ನು ಮಲ್ಲಿಗೆಯ ಮೊಗ್ಗಿಗೂ ದಾಳಿಂಬದ ಬೀಜಕ್ಕೂ ಹೋಲಿಸಿದ ಕವಿಗಳು ಇಕ್ಕಟ್ಟಾಗಿ ಬೆಳೆದ ಹಲ್ಲಿನ ಸುದ್ದಿಗೆ ಹೋಗಲಿಲ್ಲ. ಆ ಭಾರವನ್ನು ವೈದ್ಯರು ಹೊತ್ತರು. ಸಾಲುತಪ್ಪಿ ವಿಕಟವಾಗಿ ಮೂಡುವ ಹಲ್ಲುಗಳಿಗೆ ವಾಗ್ಭಟನು ಅಷ್ಟಾಂಗಹೃದಯದಲ್ಲಿ ‘ಕರಾಲ’ವೆಂದು ಹೆಸರಿಟ್ಟು ದಂತರೋಗಗಳ ಎಣಿಕೆಯಲ್ಲಿ ಸೇರಿಸಿರುವನು.

ಕ್ಯಾತನಹಳ್ಳಿಯಂತಹ ಊರುಗಳಲ್ಲಿ ಇದನ್ನು ರೋಗವೆಂದು ಬಗೆಯುವವರು ವಿರಳ. ಹಲ್ಲಿನ ಮೇಲೆ ಹಲ್ಲು ಬಂದರೆ ಅದೃಷ್ಟವೆಂದು ಅಜ್ಜಿಯರು ಸಮಾಧಾನ ಹೇಳುವರು. ಆದರೆ ಅಂತಹ ಹಲ್ಲಿನ ಹುಡುಗಿಯು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಹತ್ತನೆಯ ವಯಸ್ಸಿಗೇ ಕಲಿತಿರುವಳು. ಉತ್ತರ ತಿಳಿದಿದ್ದರೂ ತರಗತಿಯಲ್ಲಿ ಎದ್ದು ನಿಲ್ಲಲಾರಳು. ಮುಂದೆ ಹೆಣ್ಣು ನೋಡಲು ಬಂದವರು ಕಣ್ಣಿಟ್ಟು ನೋಡುವಾಗ ಅಜ್ಜಿಯ ಅದೃಷ್ಟವು ಅವಳ ನೆರವಿಗೆ ಬಾರದು.

ದವಡೆ ಕಿರಿದಾಗಿ ಹಲ್ಲು ಅಗಲವಾದರೆ ಇಕ್ಕಟ್ಟಾಗುವುದು ಸಹಜ. ಇದು ಬಹುಮಟ್ಟಿಗೆ ವಂಶದಿಂದ ಬರುವಂಥದು. ಮನೆಯವರ ಅಜಾಗ್ರತೆಯಿಂದ ಬರುವುದೂ ಉಂಟು. ಹಾಲುಹಲ್ಲುಗಳು 20. ಆಲೆಮನೆಯ ಬೆಲ್ಲವನ್ನೂ ಅಂಗಡಿಯ ಮಿಠಾಯಿಯನ್ನೂ ತಿಂದು ಅವು ಹುಳುಕಾದಾಗ, ಬಿದ್ದುಹೋಗತಕ್ಕ ಹಲ್ಲಲ್ಲವೆ ಎಂದು ಕೀಳಿಸಿಬಿಡುವರು. ಹಾಲುಹಲ್ಲಾದರೋ ತನ್ನ ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಠಾವು ಕಾಯುವ ಕಾವಲುಗಾರ. ದವಡೆಯ ಹಾಲುಹಲ್ಲು ಕಾಲಕ್ಕೆ ಮುನ್ನ ಹೋದರೆ, ಆರನೆಯ ವಯಸ್ಸಿನ ಹೊತ್ತಿಗೆ ಮೂಡುವ ದೊಡ್ಡ ದವಡೆಹಲ್ಲು ಮುಂದಕ್ಕೆ ಸರಿದು ಆ ತೆರವನ್ನು ಆಕ್ರಮಿಸುವುದು. 11-12 ವರ್ಷಕ್ಕೆ ಬರುವ ಮೇಲಿನ ಕೋರೆಹಲ್ಲು ಠಾವು ಕಾಣದೆ ವಸಡಿನ ಮೇಲ್ಗಡೆ ಇಣುಕುವುದು. ಬದುವಿನ ಕಲ್ಲು ಕಿತ್ತರೆ ಪಕ್ಕದ ಗದ್ದೆಯವನು ಒತ್ತುವರಿ ಮಾಡುವುದನ್ನು ಕಂಡ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಮಗುವಿಗೆ ಏಳು ವರ್ಷವಾಗುವಷ್ಟರಲ್ಲಿ ದಂತವೈದ್ಯರಿಗೆ ಒಮ್ಮೆ ತೋರಿಸತಕ್ಕದ್ದು. ಹುಳುಕನ್ನು ತುಂಬಿಸಿ ಹಾಲುಹಲ್ಲನ್ನು ಅನೇಕವೇಳೆ ಉಳಿಸಬಹುದು. ಕೀಳಲೇಬೇಕಾದರೆ ತಂತಿಯ ಚಿಕ್ಕ ಸಾಧನವನ್ನಿಟ್ಟು ತೆರವನ್ನು ಕಾಯಬಹುದು. ಸಾಲು ಆಗಲೇ ಕೆಟ್ಟಿದ್ದರೆ ಜನರು ಕ್ಲಿಪ್ಪು ಎನ್ನುವ ತಂತಿಯನ್ನು ಹಾಕುವರು. ಅದರ ಮೃದುವಾದ ಒತ್ತಡಕ್ಕೆ ಹಲ್ಲಿನ ಒಂದು ಮಗ್ಗುಲಿನ ಎಲುಬು ಕರಗಿ ಇನ್ನೊಂದು ಮಗ್ಗುಲಲ್ಲಿ ಹೊಸ ಎಲುಬು ಕಟ್ಟುವುದು. ಹೀಗೆ ಹಲ್ಲು ಮೆಲ್ಲಮೆಲ್ಲನೆ ಸರಿಯುವುದು. ಠಾವು ತೀರ ಸಾಲದಿದ್ದರೆ ಕೋರೆಯ ಹಿಂದಿನ ಹಲ್ಲುಗಳನ್ನು ತೆಗೆಯುವುದೂ ಉಂಟು. ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಹಿಡಿಯುವುದು. ತಂತಿ ಬಿಚ್ಚಿದ ಮೇಲೆ ವೈದ್ಯರು ಕೊಡುವ ರಿಟೇನರನ್ನು ಧರಿಸದೆ ಬಿಟ್ಟರೆ ಹಲ್ಲು ಹಳೆಯ ಠಾವಿನತ್ತ ಮರಳುವುದು.

ದೊಡ್ಡವರಿಗೆ ಕಾಲ ಮೀರಿತೆಂದು ತಿಳಿಯಬಾರದು. ಎಲುಬು ಎಷ್ಟು ವಯಸ್ಸಾದರೂ ಜೀವವುಳ್ಳದ್ದೇ. ವಸಡು ಗಟ್ಟಿಯಾಗಿದ್ದರೆ ಅವರ ಹಲ್ಲೂ ಸಾಲಿಗೆ ಬರುವುದು. ಇಕ್ಕಟ್ಟಿನ ಸಂದಿಗಳನ್ನು ಶುಚಿಮಾಡುವುದು ಕಷ್ಟ; ಅಲ್ಲಿ ಕೊಳೆ ನಿಂತು ಹಲ್ಲೂ ವಸಡೂ ಕೆಡುವುವಾದ್ದರಿಂದ ಇದು ಕೇವಲ ಚೆಲುವಿನ ಮಾತಲ್ಲ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿಯೂ ಮೈಸೂರಿನ ಜೆ.ಎಸ್.ಎಸ್. ದಂತವೈದ್ಯ ಕಾಲೇಜು 1986ರಲ್ಲಿಯೂ ಆರಂಭವಾದವು. ಕ್ಯಾತನಹಳ್ಳಿಯವರಿಗೆ ಮೈಸೂರು ದೂರವೇನೂ ಅಲ್ಲ.

ಹಾಲುಹಲ್ಲು ಬಿದ್ದರೆ ಮಕ್ಕಳು ಅದನ್ನು ಸಗಣಿಯುಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆದು, ಒಳ್ಳೆಯ ಹಲ್ಲು ಬರಲೆಂದು ಬೇಡುವರು. ಆ ಹಲ್ಲು ತಾನಾಗಿ ಬಿದ್ದುದೋ ಕಾಲಕ್ಕೆ ಮುನ್ನ ಕೀಳಿಸಿದ್ದೋ ಎಂದು ಹಿರಿಯರು ವಿಚಾರಿಸಿಕೊಂಡರೆ, ಮಕ್ಕಳ ಬೇಡಿಕೆಗೆ ಅದಕ್ಕಿಂತ ಬೇರೆ ನೆರವು ಬೇಡ.