ಸಾನಮಾವಿನ ಮಾಗಿಯಲ್ಲಿ ಆಟದ ಕಾರು

ಹೊಸೂರಿನಿಂದ ರಾಯಕೋಟೆಯ ದಾರಿ ಹಿಡಿದರೆ ಸಾನಮಾವಿನ ಕಾಡು ಎದುರಾಗುತ್ತದೆ. ರಾಗಿ ಕೊಯ್ಲಿನ ಕಾಲಕ್ಕೆ ಇಲ್ಲಿಗೆ ಆನೆಗಳ ಹಿಂಡು ಬರುತ್ತದೆ. ಅದರ ಹಿಂದೆಯೇ ಮಾಗಿಯ ಚಳಿ. ಅಂಥ ಮುಂಜಾವಿನಲ್ಲಿ ಮಕ್ಕಳ ರೇಡಿಯೋ ಕಾರು ಬೇಗನೆ ಸೋಲುವುದನ್ನು ನಾವು ಕಂಡಿದ್ದೇವೆ. ತಣ್ಣಗಾದ ಲಿಥಿಯಂ ಬ್ಯಾಟರಿಯೊಳಗೆ ರಾಸಾಯನಿಕ ಕ್ರಿಯೆ ಮಂದವಾಗಿ ಒಳರೋಧ ಹೆಚ್ಚುತ್ತದೆ; ಮೋಟಾರಿಗೆ ವಿದ್ಯುತ್ತು ಸಾಲದಾಗುತ್ತದೆ. ಬ್ಯಾಟರಿ ಕೆಟ್ಟಿತೆಂದು ತಂದೆತಾಯಿಗಳು ಕೂಡಲೇ ಹೊಸದನ್ನು ಕೊಳ್ಳಬೇಕಿಲ್ಲ. ರಾತ್ರಿ ಅದನ್ನು ಮನೆಯೊಳಗೆ ಇಟ್ಟರಾಯಿತು. ಒಲೆಯ ಬಳಿ ಕಾಯಿಸುವುದು ಮಾತ್ರ ಸಲ್ಲದು, ಬೆಂಕಿ ಹೊತ್ತೀತು. ಬಿಸಿಲೇರಿದ ಮೇಲೆ ಶಾಲೆಯ ಬಯಲಿನಲ್ಲಿ ಅದೇ ಕಾರು ಚುರುಕಾಗಿ ಓಡುತ್ತದೆ. ಮಂಜು ಕವಿದ ನಸುಕಿನಲ್ಲಿ ಕಾಡಂಚಿನ ಹೊಲ ಆನೆಗಳ ದಾರಿ. ಕಾರಿನ ಬೆನ್ನು ಹತ್ತಿದ ಮಗುವಿಗೆ ಅದರ ಎಚ್ಚರವಿರದು. ಬಿಸಿಲಿಗಾಗಿ ಕಾದರೆ ಬ್ಯಾಟರಿಗೂ ಹಿತ, ಮಗುವಿಗೂ ಕ್ಷೇಮ.